ಕೆಂದಿಯ ಕರುವಿನ ಬಾಲದ ಕೂದಲು

ನಾನು ಮೀನಿನ ಗಾಳಕ್ಕೆ ಕಟ್ಟಿದ ಒಂದು ಹುಸಿಹುಳು. ಉಕ್ಕಿನ ಕೊಕ್ಕೆ ನನ್ನ ಬೆನ್ನುಮೂಳೆ. ಅದರ ಸುತ್ತ ಕೆಂಪು ದಾರದಿಂದ ಬಿಗಿದ ಕೂದಲು ನನ್ನ ಮೈ. ಕೊಕ್ಕೆ ಯಾವುದೋ ಪಟ್ಟಣದಿಂದ ಡಬ್ಬಿಯಲ್ಲಿ ಬಂದದ್ದು. ಕೂದಲು ಮಾತ್ರ ಕಾವೇರಿಯ ದಡದ ಒಂದು ಕೊಟ್ಟಿಗೆಯಲ್ಲಿ ಹುಟ್ಟಿತು. ನೆನಪೆಲ್ಲ ಕೂದಲಿಗೆ ಸೇರಿದ್ದಾದ್ದರಿಂದ ಅಲ್ಲಿಂದಲೇ ಹೇಳುತ್ತೇನೆ.

ಕೆಂದಿ ಎಂಬ ಹಸುವಿನ ಚೊಚ್ಚಲ ಕರುವಿನ ಬಾಲದ ತುದಿಯಲ್ಲಿ ನಾನಿದ್ದೆ. ಕರು ಹೆಚ್ಚು ದಿನ ಬದುಕಲಿಲ್ಲ. ಕರುವಿಲ್ಲದ ಹಸು ಹಾಲಿಳಿಸುವುದಿಲ್ಲ; ಅದಕ್ಕೆ ಆ ಸೀಮೆಯಲ್ಲಿ ಒಂದು ಪದ್ಧತಿಯಿದೆ. ಸತ್ತ ಕರುವಿನ ತೊಗಲನ್ನು ಸುಲಿದು, ಒಣಗಿಸಿ, ಒಳಗೆ ಹುಲ್ಲು ತುಂಬಿ ಹೊಲಿದು, ಹಾಲು ಕರೆಯುವ ಹೊತ್ತಿಗೆ ತಾಯಿಯ ಮುಂದೆ ನಿಲ್ಲಿಸುತ್ತಾರೆ. ತಾಯಿ ಮೂಸುತ್ತದೆ, ನೆಕ್ಕುತ್ತದೆ, ಮೋಸಹೋಗುತ್ತದೆ. ಕೆಂದಿಯೂ ಮೋಸಹೋದಳು. ಕಣ್ಣಿದ್ದ ಜಾಗದಲ್ಲಿ ತೂತು, ಹೊಟ್ಟೆಯ ತುಂಬ ರಾಗಿಹುಲ್ಲು. ಆದರೂ ಅವಳ ನಾಲಿಗೆ ಕತ್ತಿನಿಂದ ಹೊರಟು ಬಾಲದ ತುದಿಯವರೆಗೂ ಬರುತ್ತಿತ್ತು.

ಹಸುವಿನ ಒಡತಿ ಚಿಕ್ಕತಾಯಮ್ಮ. ಆಕೆಯ ಮಗಳು ಹೆರಿಗೆಯಲ್ಲಿ ತೀರಿಕೊಂಡು, ಹಸುಗೂಸು ಅಜ್ಜಿಯ ಮಡಿಲಿಗೆ ಬಿದ್ದಿತ್ತು. ಕೂಸಿನ ಅಪ್ಪನ ಕಡೆಯವರು ಬಂದು ಹೇಳಿಹೋಗಿದ್ದರು: “ಹಟ್ಟೀಲಿ ಹಾಲಿರೋಗಂಟ ಮಡಿಕೊ, ತಾಯವ್ವ. ನಿಂತೋದ್ರೆ ನಾವು ಎತ್ಕೊಂಡು ಹೋಯ್ತೀವಿ.” ಕೆಂದಿಯ ಹಾಲು ನಿಂತರೆ ಮಗಳ ಕುರುಹೂ ಮನೆ ಬಿಟ್ಟು ಹೋಗುತ್ತದೆಂದು ಚಿಕ್ಕತಾಯಮ್ಮನಿಗೆ ತಿಳಿದಿತ್ತು.

ಆಕೆಯ ತಮ್ಮ ದುಂಡಮಾದ ಹೊಳೆಯಂಚಿನ ಬಂಗಲೆಯಲ್ಲಿ ಕೆಲಸಕ್ಕಿದ್ದ. ಬಿಳಿಮೀನು ಹಿಡಿಯಲು ಬರುವ ಅತಿಥಿಗಳಿಗೆ ಮೇಕೆಯ ಗಡ್ಡ, ನಾಯಿಯ ಬಾಲ, ಏನು ಸಿಕ್ಕರೂ ಅದರ ಕೂದಲಿನಿಂದ ಹುಸಿಹುಳು ಕಟ್ಟಿಕೊಡುತ್ತಿದ್ದ. ಒಂದು ಸಂಜೆ ಅವನ ಕಣ್ಣು ನಮ್ಮ ಮೇಲೆ ಬಿತ್ತು.

“ಅಕ್ಕ, ಬಾಲದಾಗೆ ಒಂದು ಚಿಟಿಕೆ ಕಿತ್ಕೊಳ್ಳಲಾ? ಹುಲ್ಲಿನ ಕರ ಬಾಲದಲ್ಲಿ ನೊಣ ಓಡುಸ್ತದಾ?”

“ಕಿತ್ಕೊಳ್ಳಪ್ಪ. ಸಾಹೇಬ್ರು ನಿದ್ದೆ ಹೋದ್ರೆ ಅವರ ಮೀಸೇನೂ ಬುಡಾಕಿಲ್ಲ ನೀನು.”

ಹೀಗೆ ನಾನು ಕರುವಿನಿಂದ ಬೇರೆಯಾಗಿ ಕೊಕ್ಕೆಯ ಪಾಲಾದೆ. ಬಂಗಲೆಯ ಅತಿಥಿ ಮೇಜರ್ ಬೆಳ್ಳಿಯಪ್ಪನವರು ನನ್ನನ್ನು ನೀರಿಗೆಸೆದು ನೋಡಿ ನಕ್ಕರು. “ಏನಯ್ಯ, ಎಣ್ಣೆ ಹಚ್ಚಿದ ಜುಟ್ಟಿನ ಹಾಗೆ ತೇಲ್ತಾ ಇದೆ! ಜಿಡ್ಡು ಹೋಗೋ ಹಾಗೆ ತೊಳೆದು ಕಟ್ಟು.” ನನ್ನನ್ನು ಬೆಂಡಿನ ಹಲಗೆಗೆ ಚುಚ್ಚಿ ಮರೆತರು.

ದುಂಡಮಾದ ಅರೆಕೆಲಸ ಮಾಡುವವನಲ್ಲ. ಮುಂದೆ ಕಟ್ಟುವ ಹುಳುಗಳಿಗೆ ಜಿಡ್ಡಿಲ್ಲದ ಕೂದಲು ಬೇಕೆಂದು ಇಡೀ ಕರುವನ್ನೇ ಹೊಳೆಗೆ ಒಯ್ದು, ಹುಲ್ಲು ತೆಗೆದು, ಅಂಟುವಾಳದ ನೊರೆಯಲ್ಲಿ ತೊಗಲನ್ನು ಉಜ್ಜಿ ಉಜ್ಜಿ ತೊಳೆದ. ಬಿಸಿಲಿಗೆ ಒಣಗಿಸಿ, ಹೊಸ ಹುಲ್ಲು ತುಂಬಿ ತಂದು ನಿಲ್ಲಿಸಿದ. “ಮದುವೆ ಹೆಣ್ಣಿನಂಗೆ ಮಾಡಿವ್ನಿ ನೋಡಕ್ಕ,” ಎಂದ. ಅವನ ಕಸುಬಿನಲ್ಲಿ ವಾಸನೆಯೇ ಶತ್ರು; ಮೈವಾಸನೆ ಹತ್ತಿದ ಹುಳುವನ್ನು ಮೀನು ಮುಟ್ಟುವುದಿಲ್ಲ. ಹಸುವಿಗೆ ಆ ವಾಸನೆಯೇ ಕರು ಎಂಬುದು ಅವನಿಗೆ ಹೊಳೆಯಲಿಲ್ಲ.

ಕೆಂದಿ ಮೂಸಿದಳು. ಸೀನಿದಂತೆ ಉಸಿರು ಬಿಟ್ಟು ಮುಖ ತಿರುಗಿಸಿದಳು. ಚಿಕ್ಕತಾಯಮ್ಮ ಕೆಚ್ಚಲಿಗೆ ಕೈಯಿಟ್ಟರೆ ಒದ್ದಳು. ಮರುದಿನವೂ ಅದೇ.

“ಏನ್ ಮಾಡ್ಬುಟ್ಟೆಯೋ ದುಂಡಾ! ಅದರ ಕರಾನ ಹೊಳೇಲಿ ಬುಟ್ಬಂದು ಯಾವುದೋ ತೊಗಲು ತಂದು ನಿಲ್ಸಿದ್ದೀಯಲ್ಲೋ!”

ಸುದ್ದಿ ಬೀಗರ ಊರು ಮುಟ್ಟಿತು. ಸಂತೆಯ ದಿನ ಬರುತ್ತೇವೆಂದು ಹೇಳಿ ಕಳುಹಿಸಿದರು. ಆಗ ದುಂಡಮಾದನಿಗೆ ತೊಳೆಯದೆ ಉಳಿದಿದ್ದ ನನ್ನ ನೆನಪಾಯಿತು. ಬಂಗಲೆಗೆ ಓಡಿ ನನ್ನನ್ನು ಕಿತ್ತು ತಂದ. ದಾರ ಬಿಚ್ಚಿದರೆ ಇರುವ ನಾಲ್ಕು ಎಳೆಯೂ ಚೆದುರೀತೆಂದು ಹೆದರಿ, ಕೊಕ್ಕೆಯನ್ನು ಬೆರಳುಗಳ ನಡುವೆ ಮರೆಮಾಡಿ, ಕೂದಲಷ್ಟನ್ನೇ ಕೆಂದಿಯ ಮೂಗಿಗೆ ಹಿಡಿದ.

ಅವಳು ಗುರುತಿಸಿದಳು. ಗಂಟಲೊಳಗೆ ಸಣ್ಣಗೆ ಕರೆದಳು. ಕೆಳಗೆ ತಂಬಿಗೆಗೆ ಹಾಲು ಸುರಿಯತೊಡಗಿತು.

“ಬಂತು ಕಣೋ, ಬಂತು! ಹಂಗೇ ಹಿಡ್ಕೊ, ಅಲ್ಲಾಡಬ್ಯಾಡ!”

ಅವನು ಅಲ್ಲಾಡಲಿಲ್ಲ. ಆದರೆ ತಾಯಿಗೆ ಮೂಸಿದರೆ ಸಾಕಾಗುವುದಿಲ್ಲ. ಆ ಒರಟು ನಾಲಿಗೆ ಹೊರಬಂದು ನನ್ನನ್ನು ಸುತ್ತಿ ಎಳೆಯಿತು, ಬೆರಳು ಜಾರಿತು, ಕೊಕ್ಕೆ ತಾನು ಕಲಿತ ಒಂದೇ ಕೆಲಸವನ್ನು ಮಾಡಿತು.

“ಅಕ್ಕ, ಏಳು! ಕೊಕ್ಕೆ!”

ತಂಬಿಗೆ ಉರುಳಿತು. ಕೆಂದಿಯ ಕೂಗಿಗೆ ಒಳಗೆ ಮಲಗಿದ್ದ ಕೂಸೂ ಅಳತೊಡಗಿತು. ಇಕ್ಕಳ ತಂದು, ನಾಲ್ವರು ಹಿಡಿದು, ರಕ್ತದಲ್ಲಿ ನೆಂದ ನನ್ನನ್ನು ಬಿಡಿಸಿದರು. ಆಮೇಲೆ ಮನುಷ್ಯರ ಕೈ ಹತ್ತಿರ ಬಂದರೆ ಸಾಕು, ಕೆಂದಿ ಕೊಂಬು ಬೀಸುತ್ತಿದ್ದಳು. ಕೆಚ್ಚಲು ಬತ್ತಿತು.

ಸಂತೆಯ ದಿನ ಬೀಗರು ಬಂದರು. ಚಿಕ್ಕತಾಯಮ್ಮ ಕೂಸಿಗೆ ಎಣ್ಣೆ ಹಚ್ಚಿ, ಕಾಡಿಗೆಯ ಬೊಟ್ಟಿಟ್ಟು, ಮಗಳ ಸೀರೆಯಲ್ಲಿ ಸುತ್ತಿ ಕೊಟ್ಟಳು. ಗಾಡಿ ಮರೆಯಾದ ಮೇಲೆ ತಮ್ಮನತ್ತ ತಿರುಗದೆಯೇ ಹೇಳಿದಳು: “ನಿನ್ ಕೈಲಿ ಕಟ್ಟಿದ್ದು ಯಾವುದನ್ನೂ ಇನ್ನು ನನ್ನ ಹಟ್ಟಿಗೆ ತರಬ್ಯಾಡ.”

ದುಂಡಮಾದ ಮತ್ತೆ ಒಯ್ದು ಚುಚ್ಚಿದ ಬಂಗಲೆಯ ಬೆಂಡಿನ ಹಲಗೆಯಲ್ಲೇ ಈಗ ನಾನು ತುಕ್ಕು ಹಿಡಿದಿದ್ದೇನೆ. ಹುಳ ತಿಂದು ಕೂದಲು ತೆಳುವಾಗಿದೆ. ಆಚೆ ದಡದ ತೆಪ್ಪದವರು ಈ ಕಥೆಯನ್ನು ಬೇರೆಯಾಗಿ ಹೇಳುವುದನ್ನು ಕಿಟಕಿಯಿಂದ ಕೇಳಿದ್ದೇನೆ. ಅವರ ಕಥೆಯಲ್ಲಿ ಗಾಯ ಮಾಯುತ್ತದೆ, ಹಸು ಮತ್ತೆ ಹಾಲಿಳಿಸುತ್ತದೆ, ಕೂಸು ಅಜ್ಜಿಯ ಹಟ್ಟಿಯಲ್ಲೇ ಬೆಳೆಯುತ್ತದೆ. ಕೇಳುವವರು ತಲೆದೂಗಿ ಎದ್ದುಹೋಗುತ್ತಾರೆ. ನನ್ನನ್ನು ಯಾರೂ ಕೇಳಲಿಲ್ಲ. ಮೀನನ್ನು ವಂಚಿಸಲೆಂದು ನನ್ನನ್ನು ಕಟ್ಟಿದರು. ಒಂದು ಮೀನೂ ನನ್ನನ್ನು ನಂಬಿ ಬಾಯಿ ತೆರೆಯಲಿಲ್ಲ. ನಂಬಿದವಳು ಹೆತ್ತವಳೊಬ್ಬಳೇ.