ಹಂಸದ ಟೈಲ್ಸು

“ತಲೆ ಬಗ್ಗಿಸೇ, ಕರ್ಟನ್ನಿಗೆ ತಾಗ್ತೈತೆ!”

ದುರುಗಮ್ಮ ತಲೆ ಬಗ್ಗಿಸಿದಳು. ತಲೆಯ ಮೇಲಿದ್ದ ಹಳೆಯ ವಾಶ್ ಬೇಸಿನ್ನೂ ಬಗ್ಗಿತು. ಅದರ ಬುಡದಲ್ಲಿ ಯಾವ ಕಾಲದಿಂದಲೋ ನಿಂತಿದ್ದ ಕಪ್ಪು ನೀರು ಅವಳ ಕಿವಿಯ ಹಿಂದಿನಿಂದ ಇಳಿದು ಕುಪ್ಪಸದೊಳಗೆ ಹೋಯಿತು.

“ನೆಲಕ್ಕೆ ಚೆಲ್ಲಿದೆಯೇನೇ?” ಸಿದ್ದಲಿಂಗಮ್ಮ ಹಿಂದಿನಿಂದ ಕೂಗಿದಳು.

“ಇಲ್ರಿ ಅಮ್ಮಾರೆ. ಒಂದು ಹನೀನೂ ನೆಲಕ್ಕೆ ಬಿದ್ದಿಲ್ಲ. ಎಲ್ಲಾ ನಂಗೇ ಬಂತು.”

“ಹಂಗಾದ್ರೆ ಸರಿ.”

ನ್ಯಾಮತಿಯ ಅಡಿಕೆ ವ್ಯಾಪಾರಿ ಕಲ್ಲೇಶಪ್ಪನ ಮನೆಯ ಬಾತ್‌ರೂಮಿಗೆ ಹೊಸ ಮುಖ ಬರುತ್ತಿತ್ತು. ಮಗಳು ಸಂಧ್ಯಾರಾಣಿಯನ್ನು ಚನ್ನಗಿರಿಯ ರುದ್ರಮುನಿಯ ಮನೆಯವರು ತಮ್ಮ ಮಗನಿಗೆ ನೋಡಿ ಒಪ್ಪಿದ್ದರು. ಹುಡುಗಿ ನೋಡಿದ್ದಾಗಿತ್ತು, ಇನ್ನು ಮನೆ ನೋಡುವುದು ಬಾಕಿ. ಬೀಗರು ಬಂದಾಗ ಅವರ ಕಣ್ಣು ಎಲ್ಲೆಲ್ಲಿ ಬೀಳಬಹುದು ಎಂದು ಕಲ್ಲೇಶಪ್ಪನ ಹೆಂಡತಿ ಸಿದ್ದಲಿಂಗಮ್ಮ ಮನೆಯೆಲ್ಲ ಸುತ್ತಿ ನೋಡಿದ್ದಳು. ದೇವರ ಕೋಣೆ ಚೆನ್ನಾಗಿತ್ತು. ಸೋಫಾ ಹೊಸದು. ನಡುಮನೆಗೆ ಅಂಟಿಕೊಂಡಿದ್ದ ಕೆಳಗಿನ ಬಾತ್‌ರೂಮಿನ ಗೋಡೆ ಮಾತ್ರ ಎಲೆಅಡಿಕೆ ತಿನ್ನುವವರ ಹಲ್ಲಿನ ಹಾಗಿತ್ತು.

“ನ್ಯಾಮತಿ ಈಗ ತಾಲೂಕು ಸೆಂಟರು ಕಣಯ್ಯ,” ಅಂದಿದ್ದ ಕಲ್ಲೇಶಪ್ಪ, ಮೇಸ್ತ್ರಿ ವೆಂಕಟೇಶನಿಗೆ. “ಬಾತ್‌ರೂಮೂ ಆ ಲೆವೆಲ್ಲಿಗೇ ಇರ್ಬೇಕು. ಆದ್ರೆ ಒಡೆಯೋದು ಗಿಡೆಯೋದು ಬ್ಯಾಡ. ಹಳೇ ಟೈಲ್ಸಿನ ಮೇಲೇ ಹೊಸ ಟೈಲ್ಸ್ ಅಂಟಿಸು. ಹೊಸ ಬೇಸಿನ್ನು, ಹೊಸ ಕನ್ನಡಿ, ಮೇಲೆ ಲೈಟು. ಕಣ್ಣಿಗೆ ಕಾಣೋದೆಲ್ಲ ಚೆಂದ ಆಗ್ಬೇಕು, ಅಷ್ಟೇ. ಕಾಣದ್ದು ಕಟ್ಕಂಡು ನಮಗೇನು?”

ಆಗಲೇ ದುರುಗಮ್ಮ ಬಾಂಡ್ಲಿ ಕೆಳಗಿಟ್ಟು ಬಾಯಿ ಹಾಕಿದ್ದಳು. ಅವಳು ವೆಂಕಟೇಶನ ಕೈಕೆಳಗೆ ಸಿಮೆಂಟು ಕಲಸುವ ಆಳು. ಮನೆ ಅದೇ ಬಾತ್‌ರೂಮಿನ ಹಿಂದಿನ ಓಣಿಯಲ್ಲಿ.

“ಸಾವ್ಕಾರ್ರೆ, ಹಂಗೇ ಆ ಪೈಪೂ ಒಂದೀಟು ನೋಡಿಸಿಬಿಡ್ರಿ.”

“ಯಾವ ಪೈಪು?”

ಕಲ್ಲೇಶಪ್ಪನಿಗೆ ನಿಜವಾಗಿಯೂ ನೆನಪಿರಲಿಲ್ಲ. ಆ ಪೈಪು ಅವನ ಮನೆಯದೇ ಆದರೂ ಅದರ ಬಾಯಿ ಇದ್ದದ್ದು ಓಣಿಯ ಕಡೆ. ಬಚ್ಚಲ ನೀರನ್ನು ಹಿಂದಿನ ಗೋಡೆಯಿಂದ ಆಚೆ ತಂದು, ಅಲ್ಲಿಗೆ ತನ್ನ ಕೆಲಸ ಮುಗಿಯಿತು ಎಂಬಂತೆ ಬಾಯಿ ತೆರೆದು ನಿಂತಿತ್ತು ಅದು. ಅಲ್ಲಿಂದ ನೀರು ದುರುಗಮ್ಮನ ಹೊಸ್ತಿಲ ಮುಂದೆ ಹಾದು, ಗಾದ್ರಮ್ಮನ ಮನೆಯ ಹತ್ತಿರ ಗುಂಡಿಯಾಗಿ, ಓಣಿಯ ತುದಿಯಲ್ಲಿ ಸೊಳ್ಳೆಗಳಿಗೆ ಕೆರೆಯಾಗುತ್ತಿತ್ತು. ಬೆಳಿಗ್ಗೆ ಗಂಧದ ವಾಸನೆ ಬಂದರೆ ಸಾವ್ಕಾರರ ಸ್ನಾನ ಆಯಿತು ಅಂತ ಓಣಿಗೆ ತಿಳಿಯುತ್ತಿತ್ತು. ಬಿಳಿ ನೊರೆ ತೇಲಿ ಬಂದರೆ ಸಂಧ್ಯಾರಾಣಿ ತಲೆ ತೊಳೆದಳು. ಆ ಮನೆಯವರು ಯಾವತ್ತು ಎಣ್ಣೆ ಹಚ್ಚಿಕೊಂಡರು ಎಂಬುದೂ ಓಣಿಗೆ ಗುಟ್ಟಾಗಿರಲಿಲ್ಲ. ಪ್ರತಿ ಬಾಗಿಲ ಮುಂದೆ ದಾಟಲು ಒಂದೊಂದು ಕಲ್ಲು. ಗಾದ್ರಮ್ಮ ಹೋದ ದೀಪಾವಳಿಯಲ್ಲಿ ಅಂಥ ಕಲ್ಲಿನ ಮೇಲೇ ಪಾಚಿಗೆ ಜಾರಿ ಕೈ ಮುರಿದುಕೊಂಡಿದ್ದಳು. ಕೂಡಿಕೊಂಡ ಮೂಳೆ ಸೊಟ್ಟಗಿತ್ತು. ದುರುಗಮ್ಮನ ಮಗಳ ಕಾಲಿನ ಹುಣ್ಣು ಬೇಸಿಗೆಯಲ್ಲೂ ಒಣಗಿರಲಿಲ್ಲ.

ದುರುಗಮ್ಮ ಎಲ್ಲ ಹೇಳಿದಳು. ಕಲ್ಲೇಶಪ್ಪ ಕೇಳಿಸಿಕೊಂಡ.

“ಅದನ್ನ ಮುಂದಿನ ಚರಂಡಿಗೆ ತಿರುಗಿಸ್ಬೇಕಂದ್ರೆ ಅಂಗಳದ ಗ್ರಾನೈಟ್ ಒಡೀಬೇಕು,” ಅಂದ. “ಹೊಸ ಗ್ರಾನೈಟು ಅದು. ಆಮೇಲೆ ನೋಡಣ ಬಿಡು.”

“ಗಾದ್ರಮ್ಮನ ಕೈ ಮುರಿದಾಗ್ಲೂ ಆಮೇಲೆ ನೋಡಣ ಅಂದಿದ್ರಿ.”

“ನೋಡಿದ್ನಲ್ಲ. ಕೂಡ್ಕಂಡೈತೆ ಈಗ.”

ಕೆಲಸ ಶುರುವಾಯಿತು. ಟೈಲ್ಸ್ ಆರಿಸಿದ್ದು ಸಂಧ್ಯಾರಾಣಿ. ಬಿಳಿ ಟೈಲ್ಸ್, ನಡುಮಟ್ಟಕ್ಕೆ ಒಂದು ಸಾಲು ಹಂಸ. ನೀಲಿ ನೀರಿನಲ್ಲಿ ಕತ್ತು ಬಳುಕಿಸಿಕೊಂಡು ಒಂದರ ಹಿಂದೆ ಒಂದು. ದುರುಗಮ್ಮ ಒಂದೊಂದನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ ವೆಂಕಟೇಶನ ಕೈಗೆ ಕೊಟ್ಟಳು. ಬೆಳಗಿನಿಂದ ಸಂಜೆಯ ತನಕ ಆ ಬಾತ್‌ರೂಮಿನಲ್ಲೇ ಕೂತಳು, ಅಲ್ಲೇ ಬುತ್ತಿ ಬಿಚ್ಚಿ ಉಂಡಳು. ಬಾತ್‌ರೂಮು ಯಾವುದಕ್ಕೆ ಇರುತ್ತದೋ ಅದೊಂದಕ್ಕೆ ಮಾತ್ರ ಅವಳು ಬಸ್‌ಸ್ಟ್ಯಾಂಡಿನ ಆಚೆಯ ಜಾಲಿ ಪೊದೆಗೆ ಹೋಗಬೇಕಿತ್ತು.

“ಅಮ್ಮಾರೆ, ಒಂದು ಗಳಿಗೆ ಇಲ್ಲೇ...” ಎಂದು ಒಮ್ಮೆ ಕೇಳಿಯೂ ಕೇಳಿದಳು.

“ಹೊಸ ಬಾತ್‌ರೂಮು ಕಣೇ ಅದು!”

“ಇನ್ನೂ ಆಗಿಲ್ವಲ್ರಿ. ಆಗ್ತಾ ಐತೆ.”

“ಆಗ್ತಾ ಇರೋದಕ್ಕೇ ನಾ ಹೇಳಿದ್ದು.”

ವೆಂಕಟೇಶ ಗೋಡೆಯ ಕಡೆ ಮುಖ ಮಾಡಿ ನಕ್ಕ. ಅವನಿಗೆ ಜಾಲಿ ಪೊದೆಯಷ್ಟು ದೂರ ಹೋಗುವ ಅಗತ್ಯ ಇರಲಿಲ್ಲ. ಗಂಡಸಿಗೆ ಊರ ಗೋಡೆಗಳೆಲ್ಲ ತೆರೆದೇ ಇರುತ್ತವೆ.

ಆದರೆ ಈ ಕೆಲಸದಿಂದ ಓಣಿಯಲ್ಲಿ ಒಂದು ವಿಚಿತ್ರ ನಡೆಯಿತು. ಕೆಳಗಿನ ಬಾತ್‌ರೂಮು ಬಂದ್ ಆಗಿ ಮನೆಯವರೆಲ್ಲ ಮಹಡಿಯ ಮೇಲಿನದಕ್ಕೆ ಹೋಗತೊಡಗಿದ್ದರು. ಅದರ ನೀರು ಮುಂದಿನ ಚರಂಡಿಗೆ ಹೋಗುತ್ತಿತ್ತು. ಹಿಂದಿನ ಪೈಪು ಒಣಗಿತು. ಮೊದಲು ನೊರೆ ನಿಂತಿತು, ಆಮೇಲೆ ವಾಸನೆ, ಆಮೇಲೆ ಕೆಸರು ಬಿರುಕು ಬಿಟ್ಟಿತು. ಓಣಿಗೆ ಒಂದು ನೆಲ ಇದೆ ಎಂದು ಅಲ್ಲಿನ ಹುಡುಗರಿಗೆ ಮೊದಲ ಸಲ ಗೊತ್ತಾಯಿತು. ಗೋಲಿ ಆಡಿದರು. ಗಾದ್ರಮ್ಮ ಸೊಟ್ಟ ಕೈಯಲ್ಲೇ ಬಾಗಿಲ ಮುಂದೆ ರಂಗೋಲಿ ಎಳೆದಳು. ಸಂಜೆ ಬಂದು ನೋಡಿದರೆ ರಂಗೋಲಿ ಇನ್ನೂ ಅಲ್ಲೇ ಇತ್ತು.

“ಏ ದುರುಗಿ, ಬಾರೇ ಇಲ್ಲಿ. ಅಳಿಸಿಲ್ಲ ನೋಡೇ!” ಎಂದು ಕರೆದು ತೋರಿಸಿದಳು.

ಓಣಿಯ ಹೆಂಗಸರು ಅದನ್ನು ನೋಡಲು ಬಂದರು. ರಂಗೋಲಿ ನೋಡಲು ಜನ ಸೇರುವುದು ಅಂದರೆ ಎಂಥ ಓಣಿ ಇರಬೇಕು ಯೋಚಿಸಿ. ಮರುದಿನ ಸಾವಂತ್ರಮ್ಮ ಹಪ್ಪಳಕ್ಕೆ ಹಿಟ್ಟು ಕಲಸಿದಳು.

“ಬೀಗ್ರು ಬಂದು ಹೋದ್ಮೇಲೆ?” ಹಪ್ಪಳ ಲಟ್ಟಿಸುತ್ತ ಗಾದ್ರಮ್ಮ ಕೇಳಿದಳು.

“ಬೀಗ್ರು ಕಾಲು ತೊಳೆದ ನೀರಿಂದಾನೇ ಶುರುವಾಗ್ತೈತೆ,” ಅಂದಳು ದುರುಗಮ್ಮ. “ಈ ಸಲ ಹಂಸದ ನೀರು.”

ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಿಗೆ ಸಾವಂತ್ರಮ್ಮ, “ನಿಮ್ಮಲ್ಲಿ ಸಿಮೆಂಟು ಉಳಿದೈತೇನೇ?” ಅಂದಳು. ಎಲ್ಲರ ಲಟ್ಟಣಿಗೆಯೂ ನಿಂತಿತು. ಆಮೇಲೆ ಎಲ್ಲರೂ ಒಟ್ಟಿಗೇ ನಕ್ಕರು.

ಸಿಮೆಂಟು ಉಳಿದಿತ್ತು. ಅಂಚು ಮುಕ್ಕಾದದ್ದು ಅಂತ ಎಸೆದ ಒಂದು ಹಂಸದ ಟೈಲ್ಸೂ ಇತ್ತು. ಸಾವ್ಕಾರರ ಮನೆ ಉಂಡು ಮಲಗಿದ ಮಧ್ಯಾಹ್ನ ಹೆಂಗಸರು ಸೀರೆ ಎತ್ತಿ ಕಟ್ಟಿ ಪೈಪಿನ ಬಾಯಿಗೆ ಕಲ್ಲು ತುಂಬಿದರು, ಸಿಮೆಂಟು ಮೆತ್ತಿದರು. ದುರುಗಮ್ಮ ಅದರ ಮೇಲೆ ಟೈಲ್ಸ್ ಒತ್ತಿದಳು. ಅಷ್ಟರಲ್ಲಿ ತನ್ನ ಕರಣೆ ಹುಡುಕಿಕೊಂಡು ವೆಂಕಟೇಶ ಬಂದ.

“ಏನ್ರವ್ವಾ ಇದು! ನನ್ನ ಹೊಟ್ಟೆ ಮೇಲೆ ಹೊಡೀತೀರೇನು? ನಾನೇನೂ ನೋಡಿಲ್ಲ, ನಂಗೇನೂ ಗೊತ್ತಿಲ್ಲ.” ಎಂದು ಬಂದ ದಾರಿಯಲ್ಲೇ ತಿರುಗಿದ. ನಾಲ್ಕು ಹೆಜ್ಜೆ ಹೋದ. ಮತ್ತೆ ಬಂದ. “ಆದ್ರೆ ಹಂಸ ಸೊಟ್ಟ ಕುಂತೈತಲ್ಲೇ, ಮಾನಗೆಟ್ಟೋಳೆ. ನೋಡಿದೋರು ನನ್ನ ಕೆಲಸ ಅಂದ್ಕಂತಾರೆ. ಸರಿ ಆಕಡೆ.”

ಟೈಲ್ಸನ್ನು ತಾನೇ ನೆಟ್ಟಗೆ ಕೂರಿಸಿ, ಸುತ್ತ ವೈಟ್ ಸಿಮೆಂಟು ಎಳೆದು, ಏನೂ ನೋಡದವನಾಗಿ ಹೋದ.

ಇನ್ನು ಒಂದೇ ಭಯ ಉಳಿದಿತ್ತು. ಕೆಲಸ ಮುಗಿದ ಮೇಲೆ ಮೇಸ್ತ್ರಿ ನೀರು ಬಿಟ್ಟು ನೋಡುವುದು ರೂಢಿ. ಒಂದು ಬಕೆಟ್ ಸುರಿದರೆ ಸಾಕು, ನೀರು ಇಳಿಯುತ್ತಿಲ್ಲ ಅನ್ನುವುದು ಬೀಗರಿಗಿಂತ ಮೊದಲೇ ಗೊತ್ತಾಗುತ್ತಿತ್ತು. ವೆಂಕಟೇಶ ಮುಖ ಸಪ್ಪಗೆ ಮಾಡಿಕೊಂಡು ಕೇಳಬೇಕಾದ್ದನ್ನು ಕೇಳಿದ.

“ಅಮ್ಮಾರೆ, ನೀರು ಬಿಟ್ಟು ನೋಡ್ಬೇಕಲ್ರಿ.”

“ಬ್ಯಾಡ!” ಸಿದ್ದಲಿಂಗಮ್ಮ ಬಾಗಿಲಿಗೆ ಅಡ್ಡ ನಿಂತಳು. “ಈ ಹೊಳಪು ಬೀಗ್ರು ನೋಡ್ಬೇಕು. ಅವರು ಬರೋತಂಕ ಒಂದು ಹನಿ ನೀರೂ ಬೀಳ್ಬಾರ್ದು.” ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡಳು.

ವೆಂಕಟೇಶ ಅಲ್ಲಿಂದಲೇ ಹೊನ್ನಾಳಿಯ ಬಸ್ಸು ಹತ್ತಿದ. ಅಕ್ಕನ ಮನೆಯಲ್ಲಿ ಏನೋ ಕೆಲಸ ಇದೆಯಂತೆ.

ಬೀಗರು ಬಂದರು. ರುದ್ರಮುನಿ, ಅವನ ಹೆಂಡತಿ, ತಂಗಿ, ಹುಡುಗನ ದೊಡ್ಡಪ್ಪ, ಒಂದು ಗಾಡಿ ತುಂಬ ಜನ. ಬಂದವರಿಗೆ ಹೊರಗೆ ಮೆಟ್ಟಿಲ ಮೇಲೆ ತಂಬಿಗೆಯಲ್ಲಿ ಕಾಲಿಗೆ ನೀರು ಕೊಡುವುದು ಪದ್ಧತಿ. ಸಿದ್ದಲಿಂಗಮ್ಮ ಆ ಪದ್ಧತಿಯನ್ನು ಬಾತ್‌ರೂಮಿನೊಳಕ್ಕೆ ಸಾಗಿಸಿದ್ದಳು.

“ಒಳಗೇ ಬರ್ರಿ, ಒಳಗೇ ಬರ್ರಿ! ಕಾಲಿಗೆ ಬಿಸಿನೀರು ಐತೆ.”

ದುರುಗಮ್ಮನನ್ನೂ ಕರೆಸಿದ್ದಳು. ಕೈಗೊಂದು ನೆಲ ಒರೆಸುವ ಬಟ್ಟೆ ಕೊಟ್ಟು ಬಾತ್‌ರೂಮಿನ ಬಾಗಿಲಲ್ಲಿ ನಿಲ್ಲಿಸಿದ್ದಳು. ಒಬ್ಬರು ಕಾಲು ತೊಳೆದು ಹೋದ ಕೂಡಲೇ ನೆಲ ಒರೆಸಬೇಕು, ಮುಂದಿನವರಿಗೆ ಹೊಳಪು ಕಾಣಬೇಕು.

ರುದ್ರಮುನಿ ತೊಳೆದ. ಲೈಟು ನೋಡಿದ, ಹಂಸ ನೋಡಿದ, ತಲೆ ಆಡಿಸಿದ. ದೊಡ್ಡಪ್ಪ ತೊಳೆದ. ರುದ್ರಮುನಿಯ ಹೆಂಡತಿ ತೊಳೆಯುವ ಹೊತ್ತಿಗೆ ನೀರು ಜಾಲರಿಯ ಸುತ್ತ ನಿಂತು ಯೋಚಿಸತೊಡಗಿತ್ತು.

“ಒರೆಸೇ!” ಸಿದ್ದಲಿಂಗಮ್ಮ ಪಿಸುಗುಟ್ಟಿದಳು.

“ಎಲ್ಲಿಗೆ ಒರೆಸ್ಲಿ ಅಮ್ಮಾರೆ?”

“ಜಾಲರಿಗೆ ತಳ್ಳು!”

ದುರುಗಮ್ಮ ತಳ್ಳಿದಳು. ಜಾಲರಿ ಗೊಳಗೊಳ ಅಂದು ಎಲ್ಲವನ್ನೂ ವಾಪಸ್ಸು ಕೊಟ್ಟಿತು. ಜೊತೆಗೆ ಹಳೆಯ ಕೂದಲಿನ ಒಂದು ಉಂಡೆ, ಸಾಬೂನಿನ ತುಣುಕು, ಕರಿ ಲೋಳೆ. ಈ ಮನೆಯ ಎಷ್ಟೋ ಸ್ನಾನಗಳು ಒಟ್ಟಿಗೆ ಮೇಲೆ ಬಂದವು. ರುದ್ರಮುನಿಯ ತಂಗಿ ರೇಷ್ಮೆ ಸೀರೆ ಎತ್ತಿ ಹಿಡಿದು “ಶಿವಶಿವಾ” ಎಂದು ಹಾರಿದಳು. ಯಾರೋ ಗಾಬರಿಯಲ್ಲಿ ನಲ್ಲಿಯನ್ನು ನಿಲ್ಲಿಸುವ ಬದಲು ಪೂರ್ತಿ ತಿರುಗಿಸಿದರು. ಹೊಸ ನಲ್ಲಿ, ಯಾವ ಕಡೆ ತಿರುಗಿಸಬೇಕೋ ಯಾರಿಗೂ ಗೊತ್ತಿರಲಿಲ್ಲ. ನೀರು ಹೊಸ್ತಿಲು ದಾಟಿ ನಡುಮನೆಗೆ ಬಂತು.

ಸಂಧ್ಯಾರಾಣಿ ಸೋಫಾದ ಮೇಲೆ ಕಾಲು ಮಡಚಿ ಕೂತು ಬಾತ್‌ರೂಮಿನ ಕಡೆ ನೋಡಿದಳು.

“ಅಪ್ಪಾ, ಹಂಸಗಳಿಗೆ ಈಗ ನೀರು ಸಿಕ್ತು ನೋಡು.”

“ಬಾಯಿ ಮುಚ್ಚು!” ಅಂದ ಕಲ್ಲೇಶಪ್ಪ.

ರುದ್ರಮುನಿ ಪಂಚೆ ಎತ್ತಿಕೊಂಡು ಬಹಳ ಮರ್ಯಾದೆಯಿಂದ ಕೇಳಿದ. “ಬಾತ್‌ರೂಮ್ ಭಾಳ ಚೆನ್ನಾಗೈತೆ ಬೀಗ್ರೆ. ನೀರು ಎಲ್ಲಿಗೆ ಹೋಗ್ತೈತೆ?”

ಕಲ್ಲೇಶಪ್ಪ ಹಿಂದಿನ ಬಾಗಿಲಿನಿಂದ ಓಣಿಗೆ ಓಡಿದ. ರುದ್ರಮುನಿಯೂ ಹಿಂದೆಯೇ ನಡೆದ. ಮನೆ ನೋಡಲು ಬಂದವನು ಹಿಂಭಾಗವನ್ನು ಯಾಕೆ ಬಿಟ್ಟಾನು? ದುರುಗಮ್ಮ ಒದ್ದೆ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಅವರ ಬೆನ್ನಿಗೇ ಹೋದಳು.

ಓಣಿ ಒಣಗಿ ಬೆಳ್ಳಗಿತ್ತು. ಬಾಗಿಲು ಬಾಗಿಲಿಗೂ ರಂಗೋಲಿ. ಮಂಚಗಳ ಮೇಲೆ ಹಪ್ಪಳ. ಗೋಡೆಯಲ್ಲಿ ಪೈಪು ಇರಬೇಕಾದ ಜಾಗದಲ್ಲಿ ಒಂದು ಹಂಸ, ಹಣೆಗೆ ಕುಂಕುಮ, ಕೊರಳಿಗೆ ಒಂದು ಎಳೆ ಕನಕಾಂಬರ. ಅದರ ಬುಡದಲ್ಲಿ ಹೆಂಗಸರು ಒತ್ತೊತ್ತಾಗಿ ಕೂತಿದ್ದರು.

“ಯಾರ್ರೀ ಇದನ್ನ ಮಾಡಿದ್ದು?”

“ನಾವೆಲ್ಲ,” ಅಂದಳು ಗಾದ್ರಮ್ಮ. “ಹೆಂಗೈತ್ರಿ ಸಾವ್ಕಾರ್ರೆ? ಮೇಲೆ ಲೈಟು ಒಂದು ಬಾಕಿ.”

ಕಲ್ಲೇಶಪ್ಪ ದುರುಗಮ್ಮನ ಕಡೆ ತಿರುಗಿದ. “ನಿಂದೇ ಕೆಲಸ ಇದು! ಉಂಡ ಮನೆಗೆ...”

“ನಾ ಉಂಡಿದ್ದು ನನ್ನ ಬುತ್ತಿ. ನೀವೇ ಅಂದ್ರಲ್ರಿ, ಕಣ್ಣಿಗೆ ಕಾಣೋದೆಲ್ಲ ಚೆಂದ ಮಾಡ್ರಿ ಅಂತ. ನಿಮಗೆ ಕಾಣೋದು ಒಳಗಡೆ. ನಮ್ಮ ಕಡೆಯಿಂದ ಕಾಣೋದು ಇದೇ.”

ಕಲ್ಲೇಶಪ್ಪ ಬಗ್ಗಿ ಕಲ್ಲೊಂದನ್ನು ಎತ್ತಿಕೊಂಡ. ಯಾರೂ ಏಳಲಿಲ್ಲ. ಗಾದ್ರಮ್ಮ ಸೊಟ್ಟ ಕೈಯನ್ನು ಹಂಸದ ಮೇಲಿಟ್ಟಳು.

“ಪೂಜೆ ಮಾಡೀವ್ರಿ. ಶುಭದ ದಿನ, ಬೀಗ್ರೂ ಇದಾರೆ. ಒಡಿಯಂಗಿದ್ರೆ ಒಡೀರಿ. ಮೊದ್ಲು ಈ ಕೈ ಇನ್ನೊಂದ್ಸಲ ಮುರೀರಿ.”

ರುದ್ರಮುನಿ ಕೆಮ್ಮಿದ. ಕಲ್ಲೇಶಪ್ಪನ ಕೈಯ ಕಲ್ಲು ಎಲ್ಲಿಗೆ ಹೋಗಬೇಕೋ ತಿಳಿಯದೆ ಅಲ್ಲೇ ಉಳಿಯಿತು.

“ದುರುಗಮ್ಮಾ,” ಎಂದು ಹಿಂದಿನ ಬಾಗಿಲಿನಿಂದ ಮೆಲ್ಲಗೆ ಕರೆ ಬಂತು. ಸಿದ್ದಲಿಂಗಮ್ಮ. ಆ ಮನೆಯಲ್ಲಿ ದುರುಗಮ್ಮನ ಹೆಸರು ಪೂರ್ತಿಯಾಗಿ ಕೇಳಿಸಿದ್ದು ಅದೇ ಮೊದಲು. ಸೀರೆಯ ನೆರಿಗೆ ಮೊಣಕಾಲಿನವರೆಗೆ ಒದ್ದೆಯಾಗಿತ್ತು. “ಬಾರವ್ವ ಇಲ್ಲಿ. ಇವತ್ತೊಂದಿನ ತೆಗೆದುಬಿಡು, ಬೀಗ್ರು ಹೋಗೋತಂಕ.”

“ಪೈಪು ಮುಂದಕ್ಕೆ ತಿರುಗಿಸ್ತೀರಾ?”

“ಅದೆಲ್ಲ ಆಮೇಲೆ ನೋಡಣ. ನಿಂಗೊಂದು ಒಳ್ಳೇ ಸೀರೆ ಕೊಡ್ತೀನಿ.”

“ಸೀರೆ ಐತ್ರಿ.”

“ಹಳೇ ಬೇಸಿನ್ನು ತಗಂಡೋಗು, ಕನ್ನಡೀನೂ.”

“ಬೇಸಿನ್ನಿನ ನೀರು ಆವತ್ತೇ ಕುಡದೈತ್ರಿ ನನ್ನ ಕುಪ್ಪಸ.”

ಸಿದ್ದಲಿಂಗಮ್ಮ ಆಚೀಚೆ ನೋಡಿದಳು. ದನಿ ಇನ್ನೂ ತಗ್ಗಿಸಿದಳು. “ನೋಡು, ಇನ್ಮೇಲೆ ನೀನು ನಮ್ಮ ಬಾತ್‌ರೂಮಿಗೇ ಬಾ. ಹೊಸದಕ್ಕೇ. ಜಾಲಿ ಪೊದೆಗೆ ಹೋಗೋದು ಬ್ಯಾಡ. ಸ್ನಾನಾನೂ ಮಾಡ್ಕ, ಬಿಸಿನೀರು ಬರ್ತೈತೆ. ಯಾರಿಗೂ ಹೇಳ್ಬ್ಯಾಡ ಮತ್ತೆ. ನೀನೊಬ್ಳೇ.”

ದುರುಗಮ್ಮನಿಗೆ ಆಸೆಯಾಗಲಿಲ್ಲ ಅಂದರೆ ಸುಳ್ಳು. ಆ ಗೋಡೆಯ ಒಂದೊಂದು ಹಂಸವನ್ನೂ ಅವಳು ಕೈಯಾರೆ ಒರೆಸಿ ಕೊಟ್ಟಿದ್ದಳು. ಬಾಗಿಲು ಹಾಕಿಕೊಂಡು, ಲೈಟು ಹಚ್ಚಿಕೊಂಡು, ಯಾರ ಭಯವೂ ಇಲ್ಲದೆ ಬೆನ್ನ ಮೇಲೆ ಬಿಸಿನೀರು ಬಿಟ್ಟುಕೊಳ್ಳುವುದು ಒಂದು ಕ್ಷಣ ಅವಳ ಮೈಗೆಲ್ಲ ಗೊತ್ತಾಯಿತು. ಆ ನೀರು ಬೆನ್ನಿನಿಂದ ಇಳಿದು, ಜಾಲರಿಯಿಂದ ಇಳಿದು, ಗೋಡೆ ದಾಟಿ ಎಲ್ಲಿಗೆ ಬರುತ್ತದೆ ಎಂಬುದೂ ಗೊತ್ತಾಯಿತು.

ತಿರುಗಿ ನೋಡಿದಳು. ಗಾದ್ರಮ್ಮ ಒಂದು ಕೈಯನ್ನು ಹಂಸದ ಮೇಲಿಟ್ಟುಕೊಂಡೇ ಇನ್ನೊಂದು ಕೈ ಚಾಚಿ, ಬಿಸಿಲಿಗೆ ಹಪ್ಪಳ ಮಗುಚಿ ಹಾಕುತ್ತಿದ್ದಳು.

“ಒಲ್ಲೆ,” ಅಂದಳು ದುರುಗಮ್ಮ.