ಬಾಳೆಲೆ ಬಸ್ಸಿನಲ್ಲಿ ಅಪ್ಪ

“‘ಇಲ್ಲಿ ಕರಿಮೆಣಸು ಕೊಳ್ಳಲಾಗುವುದು!’ ದೇವರಿಗೆ ಸ್ತೋತ್ರ!”

ಬಾಳೆಲೆಗೆ ಹೊರಟ ಬಸ್ಸು ಇನ್ನೂ ಗೋಣಿಕೊಪ್ಪಲು ಪೇಟೆ ದಾಟಿರಲಿಲ್ಲ. ಇನ್ನಾಸಪ್ಪ ಕಿಟಕಿಗೆ ಮುಖ ಒತ್ತಿಕೊಂಡು ಕಂಡ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದ. ಕಣ್ಣಿನ ಪೊರೆ ತೆಗೆಸಿ ಕೆಲವು ವಾರ ಆಗಿತ್ತು. ಕನ್ನಡಕ ಕೈಗೆ ಸಿಕ್ಕಿದ್ದು ಆವತ್ತು ಸಂಜೆ. ಅಂಗಡಿಯಿಂದ ಅವನನ್ನು ಕರೆತಂದು ಬಸ್ಸು ಹತ್ತಿಸಿದ ಮಗಳು ಅರ್ಪಿತಾ, ಎರಡು ಸೀಟು ಮುಂದೆ ಹೆಂಗಸರ ಕಡೆ ಕುಳಿತಿದ್ದಳು. ಮೊದಮೊದಲು ಅವಳಿಗೂ ನಗು ಬಂದಿತ್ತು.

“‘ಪಂಕ್ಚರ್ ಹಾಕಲಾಗುವುದು.’ ಸ್ತೋತ್ರ ಸ್ವಾಮಿ! ‘ಇಲ್ಲಿ ಕಸ ಹಾಕಬಾರದು.’ ಅದಕ್ಕೂ ಸ್ತೋತ್ರ!”

ಬಸ್ಸಿನಲ್ಲಿ ಒಂದಿಬ್ಬರು ನಕ್ಕರು. ಅಪ್ಪ ಅವರೊಂದಿಗೆ ತಾನೂ ನಕ್ಕ.

ಕಾಲೇಜಿನ ಸ್ಟಾಪಿನಲ್ಲಿ ಮೋಕ್ಷಿತಾ ಹತ್ತಿ ಬಂದು ಅರ್ಪಿತಾಳ ಪಕ್ಕದಲ್ಲೇ ಕುಳಿತಳು. ಇಬ್ಬರೂ ಒಂದೇ ವಿಭಾಗದವರು. ಅರ್ಪಿತಾ ಪಾಠ ಮಾಡಲು ಸೇರಿದ್ದು ಈ ವರ್ಷವಷ್ಟೇ. ತಂದೆ ಎಸ್ಟೇಟಿನಲ್ಲಿದ್ದಾರೆ ಎಂದು ಹೇಳಿದ್ದಳು. ಲೆಕ್ಕ ಬರೆಯುವ ರೈಟರ್ ಇರಬೇಕೆಂದು ಸ್ಟಾಫ್ ರೂಮಿನವರು ತಾವೇ ಅಂದುಕೊಂಡಿದ್ದರು. ಅವಳು ತಿದ್ದಲು ಹೋಗಿರಲಿಲ್ಲ. ಅಪ್ಪ ಏಣಿ ಹತ್ತಿ ಮೆಣಸು ಕುಯ್ಯುವವನು, ಮನೆ ಎಸ್ಟೇಟಿನ ಕೂಲಿ ಲೈನಿನಲ್ಲಿ.

“‘ಶುದ್ಧ ಜೇನುತುಪ್ಪ ಸಿಗುತ್ತದೆ!’ ಯೇಸಪ್ಪಾ, ನಿಂಗೆ ಸ್ತೋತ್ರ!”

ಮೋಕ್ಷಿತಾ ತಿರುಗಿ ನೋಡಿದಳು. “ಯಾರದು? ನಿಮ್ಮ ಚರ್ಚಿನವರಾ?”

“ಗೊತ್ತಿಲ್ಲಪ್ಪ,” ಎಂದಳು ಅರ್ಪಿತಾ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. “ಕುಡಿದಿರಬೇಕು.”

ಹಿಂದಿನ ಸದ್ದು ಫಕ್ಕನೆ ನಿಂತಿತು. ಕಿಟಕಿಯಾಚೆ ಇನ್ನೂ ಬೋರ್ಡುಗಳು ಬರುತ್ತಲೇ ಇದ್ದವು. ಯಾರೂ ಓದಲಿಲ್ಲ. ಅರ್ಪಿತಾಳ ಕಿವಿ ಕೆಂಡದಂತಾಯಿತು. ಅವಳು ಎರಡನೇ ಕ್ಲಾಸಿನಲ್ಲಿದ್ದಾಗ ಅಪ್ಪ ಕುಡಿತ ಬಿಟ್ಟಿದ್ದ. ಅಲ್ಲಿಂದ ಅವನ ಬಾಯಿಗೆ ಈ ಸ್ತೋತ್ರ ಬಂದಿದ್ದು. ಬೆಳಗಿನ ಕಾಫಿಗೆ ಸ್ತೋತ್ರ, ಒಣಗಿದ ಅಂಗಿಗೆ ಸ್ತೋತ್ರ, ಏಣಿಯಿಂದ ಕ್ಷೇಮವಾಗಿ ಇಳಿದಿದ್ದಕ್ಕೆ ಸ್ತೋತ್ರ. ಅದು ಅವಳಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರಲಿಲ್ಲ.

ಕಂಡಕ್ಟರ್ ಹಿಂದೆ ಹೋದ. “ಅಜ್ಜ, ಹತ್ತುವಾಗ ಎರಡು ಟಿಕೆಟ್ ಅಂದ್ರಲ್ಲ. ಇನ್ನೊಬ್ರೆಲ್ಲಿ?”

“ಒಂದೇ ಸಾಕು ಸ್ವಾಮಿ,” ಎಂದಿತು ಅಪ್ಪನ ದನಿ. “ನಾನೊಬ್ನೇ.”

ಅರ್ಪಿತಾ ತನ್ನ ಟಿಕೆಟ್ಟು ತಾನೇ ತೆಗೆದುಕೊಂಡಳು. ಮೋಕ್ಷಿತಾ ಪರೀಕ್ಷೆಯ ವಿಚಾರ ಏನೋ ಹೇಳುತ್ತಿದ್ದಳು. ಪೊನ್ನಂಪೇಟೆಯಲ್ಲಿ ಇಳಿಯುವಾಗ ಬಾಗಿಲ ಹತ್ತಿರ ಒಮ್ಮೆ ನಿಂತು ಹಿಂದಕ್ಕೆ ನೋಡಿ ಇಳಿದು ಹೋದಳು. ಪಕ್ಕದ ಸೀಟು ಖಾಲಿಯಾಯಿತು. ಅಪ್ಪನನ್ನು ಕರೆದು ಕೂರಿಸಿಕೊಳ್ಳಬಹುದಿತ್ತು. ತಿರುಗುವ ಧೈರ್ಯ ಬರಲಿಲ್ಲ. ಬಾಳೆಲೆಯವರೆಗೂ ಆ ಸೀಟು ಹಾಗೇ ಇತ್ತು.

ಲೈನಿನ ದಾರಿಯಲ್ಲಿ ಅಪ್ಪ ಮುಂದೆ ನಡೆದ. ಕನ್ನಡಕ ಜೇಬು ಸೇರಿತ್ತು.

“ಅಪ್ಪಾ...”

“ಕಾಲು ನೋಡ್ಕಂಡು ಬಾ. ಇಲ್ಲಿ ಜಾರ್ತದೆ.”

ಮನೆಯಲ್ಲಿ ಅಮ್ಮ ಜ್ಞಾನಮ್ಮ ಕಾಯುತ್ತಿದ್ದಳು. “ಎಲ್ಲಿ, ಹಾಕ್ಕಳ್ಳಿ ನೋಡಣ! ಮುದುಕ ಆಫೀಸರ್ ತರ ಕಾಣ್ತಾನಾ ಅಂತ.”

“ಮನೆಯೊಳಗೆ ಯಾಕೆ,” ಎಂದು ಅಪ್ಪ ಕೈ ತೊಳೆಯಲು ಹೋದ.

ಜ್ಞಾನಮ್ಮ ಮಗಳ ಮುಖ ನೋಡಿದಳು. ಅನ್ನ, ಮತ್ತಿ ಮೀನಿನ ಸಾರು ಬಡಿಸಿದಳು. ಊಟಕ್ಕೆ ಮುಂಚೆ ಅಪ್ಪ ಪ್ರಾರ್ಥನೆ ಹೇಳಿದರೆ ಪಕ್ಕದ ಮನೆಯ ಕಾಮಾಕ್ಷಮ್ಮ ಅಲ್ಲಿಂದಲೇ “ಆಮೆನ್” ಎಂದು ತಮಾಷೆ ಮಾಡುವುದು ವಾಡಿಕೆ. ಇವತ್ತು ಅಪ್ಪ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿ ಕಣ್ಣು ಮುಚ್ಚಿದ. ತುಟಿಗಳಷ್ಟೇ ಅಲ್ಲಾಡಿದವು. ತನ್ನ ಮನೆಯಲ್ಲೇ, ಯಾರಿಗೋ ತೊಂದರೆಯಾದೀತು ಎನ್ನುವವನ ಹಾಗೆ.

ಅರ್ಪಿತಾಗೆ ಅದನ್ನು ನೋಡಲಾಗಲಿಲ್ಲ. ಎದ್ದು ಹೊಸ್ತಿಲ ಬಳಿ ಹೋಗಿ ಫೋನ್ ಮಾಡಿದಳು. ಹೊರಗೆ ಹೋಗಿ ಮಾತಾಡಬಹುದಿತ್ತು. ಒಳಗಿನವರಿಗೆ ಕೇಳಲಿ ಎಂದೇ ಅಲ್ಲಿ ನಿಂತಳು.

“ಮೋಕ್ಷಿತಾ, ಬಸ್ಸಲ್ಲಿ ಬೋರ್ಡ್ ಓದ್ತಿದ್ರಲ್ಲ... ಅವ್ರು ನಮ್ಮಪ್ಪ. ಅವ್ರು ಕುಡಿಯಲ್ಲ. ನಾನು ಸುಳ್ಳು ಹೇಳ್ದೆ.”



“ಇಳಿಯುವಾಗ ಅವರ ಮುಖ ನೋಡ್ದೆ,” ಎಂದಳು ಮೋಕ್ಷಿತಾ. “ನಿಮ್ಮದೇ ಮುಖ. ಆಗ್ಲೇ ಗೊತ್ತಾಯ್ತು. ಇದನ್ನ ಅವರಿಗೆ ಹೇಳಿದ್ರಾ?”

“ಇಲ್ಲೇ ಕೇಳಿಸ್ಕೊಳ್ತಾ ಇದ್ದಾರೆ.”

ಫೋನ್ ಇಟ್ಟ ಮೇಲೂ ಅರ್ಪಿತಾ ಒಳಗೆ ತಿರುಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡೇ ಅತ್ತಳು. ಅಮ್ಮನ ಸೌಟು ಪಾತ್ರೆಗೆ ತಾಗಿದ ಸದ್ದು ಕೇಳಿಸಿತು. ಅಮ್ಮನಿಗೂ ಈಗ ಎಲ್ಲ ಗೊತ್ತಾಗಿತ್ತು.

“ಅರ್ಪೀ,” ಎಂದ ಅಪ್ಪ. “ಅನ್ನ ಆರ್ತದೆ. ಬಾ.”

ಅವಳು ಬಂದು ತಲೆ ತಗ್ಗಿಸಿ ಕುಳಿತಳು. ಅವನು ಇನ್ನೂ ತುತ್ತು ಎತ್ತಿರಲಿಲ್ಲ. ತನ್ನ ತಟ್ಟೆಯ ಮೀನನ್ನು ಬಿಡಿಸಿ, ಮುಳ್ಳನ್ನೆಲ್ಲ ಒಂದೊಂದಾಗಿ ಅಂಚಿಗೆ ಸರಿಸಿ, ಬಿಳಿಯ ತಿರುಳನ್ನು ಅವಳ ಅನ್ನದ ಮೇಲಿಟ್ಟ.