ಎರಡನೇ ಬ್ರೇಕು

ಕಾರು ಕಲಿಸುವವರ ಕಾರಿನಲ್ಲಿ ಬ್ರೇಕು ಎರಡಿರುತ್ತವೆ. ಒಂದು ಓಡಿಸುವವರ ಕಾಲಿಗೆ, ಇನ್ನೊಂದು ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲಿಗೆ. ಎರಡಕ್ಕೂ ಒಳಗೊಳಗೇ ತಂತಿಯ ನಂಟು. ಮೇಷ್ಟ್ರು ತಮ್ಮದನ್ನು ಒತ್ತಿದರೆ ಕಲಿಯುವವರದ್ದೂ ತಾನಾಗಿ ಇಳಿಯುತ್ತದೆ. ಇದೇನು ಬ್ರಹ್ಮವಿದ್ಯೆಯಲ್ಲ. ಅಂಥ ಮೇಷ್ಟ್ರೊಬ್ಬರನ್ನು ಕಟ್ಟಿಕೊಂಡು ಅರ್ಧ ಆಯುಸ್ಸು ಕಳೆದ ನನಗೆ ಇದು ಗೊತ್ತಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಗೊತ್ತಿತ್ತು. ಗೊತ್ತಿದ್ದೂ ಬೇಸ್ತು ಬಿದ್ದೆ. ಹೇಗೆ ಅಂತ ನನಗೇ ಇನ್ನೂ ಸರಿಯಾಗಿ ತಿಳಿದಿಲ್ಲ.

ನನ್ನ ಗಂಡ ಎಲ್ಲರಿಗೂ ಮೇಷ್ಟ್ರು. ನಾನೂ ಹಾಗೇ ಕರೆಯುತ್ತೇನೆ. ಕೋಪ ಬಂದಾಗ ಮಾತ್ರ ‘ರೀ’ ಅನ್ನುತ್ತೇನೆ. ನನ್ನ ಕೆಲಸ ರಕ್ತಪರೀಕ್ಷೆಯ ಲ್ಯಾಬಿನಲ್ಲಿ. ಕಿಟಕಿಯಿಲ್ಲದ ಒಂದು ಕೋಣೆ, ಅಗಲವಾದ ಕೈಯಿರುವ ಒಂದು ಕುರ್ಚಿ, ಬಣ್ಣಬಣ್ಣದ ಮುಚ್ಚಳದ ಸಣ್ಣ ಕೊಳವೆಗಳು. ಜನ ಬರುತ್ತಾರೆ, ತೋಳು ಚಾಚುತ್ತಾರೆ, ಮುಖವನ್ನು ಗೋಡೆಯ ಕಡೆ ತಿರುಗಿಸುತ್ತಾರೆ. ನಾನು ಸೂಜಿ ಚುಚ್ಚುತ್ತೇನೆ, ಹತ್ತಿ ಒತ್ತುತ್ತೇನೆ, ಕೊಳವೆಗೆ ಹೆಸರು ಅಂಟಿಸುತ್ತೇನೆ. ದಿನವಿಡೀ ಜನರ ನಡುವೆ ಇದ್ದೂ ಒಂದು ಮುಖವನ್ನೂ ನೆಟ್ಟಗೆ ನೋಡದ ಕೆಲಸ ಇದೊಂದೇ ಇರಬೇಕು.

ಈಚೆಗೆ ಲ್ಯಾಬಿನವರು, ಓಡಾಡಲಾಗದ ಹಿರಿಯರ ಮನೆಗೇ ಹೋಗಿ ರಕ್ತ ತೆಗೆದುಕೊಂಡು ಬರುವ ಏರ್ಪಾಡು ಮಾಡಿದರು. ಒಂದು ಪುಟ್ಟ ಕಾರು, ಅದರಲ್ಲೊಂದು ತಣ್ಣನೆಯ ಪೆಟ್ಟಿಗೆ. ಹೋಗುವವರು ತಾವೇ ಓಡಿಸಬೇಕು. ಮ್ಯಾನೇಜರು ಮೊದಲು ನನ್ನನ್ನೇ ಕೇಳಿದರು. ಮನೆಯಲ್ಲೇ ಮೇಷ್ಟ್ರಿದ್ದಾರಲ್ಲ, ತಿಂಗಳ ಕೊನೆಯೊಳಗೆ ಲೈಸೆನ್ಸ್ ತನ್ನಿ, ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರು. ಆ ಕೆಲಸ ನನಗೆ ಬೇಕು ಅನ್ನಿಸಿತು. ಎಷ್ಟು ಬೇಕು ಅನ್ನಿಸಿತೆಂದರೆ ನನಗೇ ಗಾಬರಿಯಾಯಿತು.

ಯಾಕೆಂದರೆ ಸ್ವಲ್ಪ ಕಾಲದಿಂದ ನನ್ನ ಮನಸ್ಸು ನನ್ನ ಕೈಗೆ ಸಿಗುತ್ತಿಲ್ಲ. ಕೂತಲ್ಲೇ ಮೈ ಬಿಸಿಯಾಗುತ್ತದೆ, ಕುಕ್ಕರು ಕೂಗಿದರೆ ಅಳು ಬರುತ್ತದೆ, ಅಳು ನಿಂತ ಮೇಲೆ ಯಾಕೆ ಅತ್ತೆ ಎಂದು ನಗು ಬರುತ್ತದೆ. ಡಾಕ್ಟರಮ್ಮ, ವಯಸ್ಸು ಅದು ಎಂದರು. ಮಗಳಿಗೆ ಹದಿನೇಳು. ಅವಳು ಬಾಗಿಲು ಬಡಿದುಕೊಂಡು ಒಳಗೆ ಕೂತರೂ ಎಲ್ಲರೂ, ವಯಸ್ಸು ಅದು ಎನ್ನುತ್ತಾರೆ. ಒಂದೇ ಮನೆಯಲ್ಲಿ ಎರಡು ವಯಸ್ಸುಗಳು ಎದುರುಬದುರಾದರೆ ನಡುವಿನ ಗಂಡಸು, ಪಾಪ, ಟೀವಿಯ ಸದ್ದು ಕಡಿಮೆ ಮಾಡಿಕೊಂಡು ಕೂರುತ್ತಾನೆ. ಒಬ್ಬಳೇ ಕಾರು ಓಡಿಸಿಕೊಂಡು ಹೋಗಿ, ಯಾರದೋ ಮನೆಯ ಬಾಗಿಲು ತಟ್ಟಿ, ಅವರ ಮುಖ ನೋಡಿ ಮಾತಾಡಿದರೆ ನಾನು ಮತ್ತೆ ನೆಟ್ಟಗಾಗುತ್ತೇನೆ ಎಂಬ ನಂಬಿಕೆ ಅದೆಲ್ಲಿಂದಲೋ ಬಂದು ಕೂತುಬಿಟ್ಟಿತ್ತು.

ಹಾಗಾಗಿ ದಿನಾ ಬೆಳಗ್ಗೆ, ಮೇಷ್ಟ್ರ ಮೊದಲ ಶಿಷ್ಯ ಬರುವ ಮುಂಚೆ, ನನ್ನ ಪಾಠ ಶುರುವಾಯಿತು. ಬೇರೆಯವರಿಗೆ ಕಲಿಸುವಾಗ ಇವರ ಗಂಟಲು ಬೀದಿಗೆಲ್ಲ ಕೇಳುತ್ತದೆ. ನನ್ನ ಹತ್ತಿರ ಮಾತ್ರ ಬೆಣ್ಣೆ. ಮೊದಲ ದಿನವೇ ನೀರಿನ ಟ್ಯಾಂಕಿನ ಪಕ್ಕದ ಇಳಿಜಾರಿನಲ್ಲಿ, ಬಿಳಿ ಗೆರೆಗೆ ಸರಿಯಾಗಿ, ಕಾರು ತೂಗಿ ಬಿಟ್ಟ ತೊಟ್ಟಿಲಿನ ಹಾಗೆ ಮೆಲ್ಲಗೆ ನಿಂತಿತು. ನಾನು ಬ್ರೇಕನ್ನು ಮುಟ್ಟಿದ್ದೆ ಅಷ್ಟೆ. ಖುಷಿ ತಡೆಯಲಾರದೆ ಗಟ್ಟಿಯಾಗಿ ನಕ್ಕುಬಿಟ್ಟೆ. ಮೇಷ್ಟ್ರು ನನ್ನನ್ನೇ ನೋಡಿ, ನಿನ್ನ ಕಾಲು ಬಹಳ ಹಗುರ ಎಂದರು. ಬ್ರೇಕೆಂದರೆ ಮುಟ್ಟಿದರೆ ಸಾಕು, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ ಎಂದು ನಾನು ಕಲಿತದ್ದು ಹೀಗೆ. ಬೇರೆ ಕಾರಿನ ಬ್ರೇಕನ್ನು ತುಳಿದವಳೇ ಅಲ್ಲವಲ್ಲ.

ಆ ಒಂದು ಗಂಟೆ ನನಗೆ ರುಚಿ ಹತ್ತಿತು. ಮನೆಯಲ್ಲಿ ನಾವು ಮಾತಾಡುವುದು ಗ್ಯಾಸ್ ಮುಗಿಯಿತು, ನಲ್ಲಿ ಸೋರುತ್ತಿದೆ, ಇಷ್ಟೇ. ಕಾರಿನಲ್ಲಿ ಮೇಷ್ಟ್ರು ಕಥೆ ಹೇಳುತ್ತಿದ್ದರು. ಕನ್ನಡಿ ನೋಡಿಕೊಂಡು ಓಡಿಸಿ ಎಂದದ್ದಕ್ಕೆ ಅದರಲ್ಲಿ ತನ್ನ ಮೀಸೆ ನೋಡಿಕೊಂಡ ಶಿಷ್ಯನೊಬ್ಬನ ಕಥೆ ಕೇಳಿ ನಾನು ನಕ್ಕು ನಕ್ಕು ಗೇರು ತಪ್ಪಿಸಿದ್ದೂ ಉಂಟು. ಬ್ರೇಕು ಮಾತ್ರ ಒಮ್ಮೆಯೂ ತಪ್ಪಲಿಲ್ಲ.

ನಮ್ಮೂರಿನಲ್ಲಿ ಲೈಸೆನ್ಸ್ ಪರೀಕ್ಷೆ ಆರ್‌ಟಿಒ ಆಫೀಸಿನ ಕಾರಿನಲ್ಲೇ ನಡೆಯುತ್ತದೆ. ಪರೀಕ್ಷಕರು ಸಣ್ಣ ದನಿಯ ಮನುಷ್ಯ. ತಿರುವು, ಹಿಂದಕ್ಕೆ ತೆಗೆಯುವುದು ಎಲ್ಲ ಸಲೀಸಾಗಿ ಆಯಿತು. ಮುಂದಿನ ಗೆರೆಯಲ್ಲಿ ನಿಲ್ಲಿಸಿ ಎಂದರು. ನಾನು ಬ್ರೇಕು ಮುಟ್ಟಿದೆ. ಅದು ಕಲ್ಲಿನ ಹಾಗೆ ಇದ್ದಲ್ಲೇ ಇತ್ತು. ಈಗ ಇಳಿಯುತ್ತದೆ, ಈಗ ಇಳಿಯುತ್ತದೆ ಎಂದು ಕಾದೆ. ಪರೀಕ್ಷಕರು ಹ್ಯಾಂಡ್‌ಬ್ರೇಕ್ ಎಳೆದರು. ಕಾರು ಗೆರೆ ದಾಟಿ, ಒಂದು ರಬ್ಬರ್ ಕಂಬವನ್ನು ಮಲಗಿಸಿ ನಿಂತಿತು. ಅವರು ಬೈಯಲಿಲ್ಲ. ಯಾಕೆ ಒತ್ತಲಿಲ್ಲ ಎಂದು ಕೇಳಿದರು. ಒತ್ತಿದೆ ಎಂದೆ. “ಒತ್ತಲಿಲ್ಲ, ಮುಟ್ಟಿದ್ರಿ ಅಷ್ಟೆ,” ಎಂದರು. ಮುಂದಿನ ವಾರ ಇನ್ನೊಂದು ಸಲ ಬರಲು ಹೇಳಿ ಕಳಿಸಿದರು.

ಮನೆಗೆ ಬಂದು ಆ ಆಫೀಸನ್ನೂ ಅವರ ಡಕೋಟ ಕಾರನ್ನೂ ಬಾಯಿಗೆ ಬಂದ ಹಾಗೆ ಬೈದೆ. ಬ್ರೇಕೇ ಕೆಲಸ ಮಾಡದ ಕಾರು ಇಟ್ಟುಕೊಂಡು ಜನರನ್ನು ಫೇಲ್ ಮಾಡುತ್ತಾರೆ ಎಂದೆ. ಬೇರೆಯವರನ್ನು ಬೈಯುವುದಿದ್ದರೆ ಮೇಷ್ಟ್ರು ಸದಾ ನನ್ನ ಜೊತೆಗೆ ದನಿ ಸೇರಿಸುವವರು. ಅವತ್ತು ಟೈರಿಗೆ ಗಾಳಿ ಹಾಕಿಸಬೇಕು ಎಂದು ಎದ್ದು ಹೋದರು. ಮೇಜಿನ ಹತ್ತಿರ ಮಗಳು ಫೋನು ನೋಡುತ್ತ ಊಟ ಮಾಡುತ್ತಿದ್ದಳು. ತಲೆ ಎತ್ತದೆ ಹೇಳಿದಳು.

“ಅಲ್ಲಿ ಅಪ್ಪ ಇರಲಿಲ್ಲವಲ್ಲಮ್ಮ, ಒತ್ತೋಕೆ.”

ಏನು ಎಂದು ಕೇಳಿದೆ. ಕಾಲೇಜಿಗೆ ಬಿಡಿಸಿಕೊಳ್ಳಲು ಅವಳು ಕೆಲವು ಸಲ ಹಿಂದಿನ ಸೀಟಿನಲ್ಲಿ ಬಂದಿದ್ದಳು. ಅಪ್ಪನ ಕಾಲು ಅವಳಿಗೆ ಚೆನ್ನಾಗಿ ಕಾಣುತ್ತಿತ್ತಂತೆ. “ನಂಗೆ ಸ್ಕೂಟರ್ ಕಲಿಸುವಾಗ ಬೈತಾರೆ, ನಿಂಗೆ ಒತ್ತಿಕೊಡ್ತಾರೆ. ನಿಂಗೆ ಗೊತ್ತು ಅಂದುಕೊಂಡಿದ್ದೆ,” ಎಂದು ತಟ್ಟೆ ಎತ್ತಿಕೊಂಡು ಹೋದಳು.

ನನಗೆ ಮೊದಲು ಕೋಪ ಬಂತು. ಆಮೇಲೆ ಅದು ಕೋಪವೋ ಅವಮಾನವೋ ತಿಳಿಯದಾಯಿತು. ಆಮೇಲೆ, ಹೇಳಲು ನಾಚಿಕೆ, ಎಲ್ಲೋ ಒಂದು ಮೂಲೆಯಲ್ಲಿ ಹಾಯೆನ್ನಿಸಿತು, ನನಗಾಗಿ ಇಷ್ಟು ದಿನ ಒಬ್ಬರು ಸದ್ದಿಲ್ಲದೆ ಕಾಲು ಆಡಿಸಿದ್ದಾರಲ್ಲ ಎಂದು. ಮೂರೂ ಒಟ್ಟಿಗೆ ಬಂದರೆ ಮನುಷ್ಯರು ಏನು ಮಾಡಬೇಕು? ಪಾತ್ರೆ ತೊಳೆದೆ. ತೊಳೆಯುತ್ತ ತಲೆ ಎಲ್ಲೆಲ್ಲಿಗೋ ಓಡಿತು. ಇಷ್ಟು ವರ್ಷದ ಜಗಳಗಳಲ್ಲಿ ನಾನು ಗೆದ್ದದ್ದು ನಿಜವೋ, ಇವರೇ ‘ಆಯ್ತು ಬಿಡು’ ಎಂದು ನಿಲ್ಲಿಸಿದ್ದೋ? ನಾನು ತಾಳ್ಮೆಯವಳು ಎಂದು ನನಗೊಂದು ಹೆಮ್ಮೆಯಿದೆ. ಆ ತಾಳ್ಮೆ ನನ್ನದೋ, ಪಕ್ಕದ ಸೀಟಿನದ್ದೋ? ನನ್ನ ಸ್ವಭಾವ ಎಂದು ನಾನು ತಿಳಿದದ್ದರಲ್ಲಿ ಎಷ್ಟು ನನ್ನದು ಎಂದು ಗೆರೆ ಎಳೆಯಲು ಹೋಗಿ ಒಂದೇ ಬಾಣಲೆಯನ್ನು ಎರಡು ಸಲ ತೊಳೆದೆ.

ಸಂಜೆ ಮೇಷ್ಟ್ರು ಹೊರಗೆ ಕಾರು ಒರೆಸುತ್ತಿದ್ದರು. ನಾನು ಹೋಗಿ ನಿಂತು, “ರೀ,” ಎಂದೆ. ಅಷ್ಟಕ್ಕೇ ಅವರಿಗೆ ಎಲ್ಲ ಗೊತ್ತಾಯಿತು. ಒದ್ದೆ ಬಟ್ಟೆ ಹಿಂಡಿದರು, ಮತ್ತೆ ಅದನ್ನೇ ನೀರಿಗೆ ಅದ್ದಿದರು.

“ಮೊದಲನೇ ದಿನ ನೀನು ಟ್ಯಾಂಕ್ ಹತ್ರ ನಿಲ್ಲಿಸಿದೆಯಲ್ಲ, ಅವತ್ತು ಗಾಬರಿಯಾಗಿ ಒತ್ತಿದ್ದು. ಬಸ್ಸು ಬರ್ತಿತ್ತು. ನೀನು ನಕ್ಕೆ. ಹಾಗೆ ನಕ್ಕಿದ್ದನ್ನ ನಾನು ನೋಡಿ ಯಾವ ಕಾಲ ಆಗಿತ್ತೋ. ನಾಳೆ ಹೇಳಿದ್ರಾಯ್ತು ಅಂದುಕೊಂಡೆ. ಮಾರನೇ ದಿನಾನೂ ಒತ್ತಿಬಿಟ್ಟೆ.”

ಪರೀಕ್ಷೆಯಲ್ಲಿ ಏನಾಗುತ್ತದೆ ಎಂದು ಯೋಚಿಸಲಿಲ್ಲವೇ ಎಂದು ಕೇಳಿದೆ. ಯೋಚಿಸಿದ್ದರಂತೆ, ದಿನಾ. ಸ್ವಲ್ಪ ಸ್ವಲ್ಪ ಕಡಿಮೆ ಒತ್ತುತ್ತ ಬಂದರೆ ನನಗೆ ಗೊತ್ತಾಗದೆ ನಾನೇ ಕಲಿತುಬಿಡುತ್ತೇನೆ ಎಂದುಕೊಂಡಿದ್ದರಂತೆ. ಅವರು ಕಡಿಮೆ ಮಾಡಿದಷ್ಟೂ ನಾನೂ ಕಾಲು ಹಗುರ ಮಾಡುತ್ತ ಹೋದೆನಂತೆ. ಊರಿಗೆಲ್ಲ ಕಲಿಸುವ ಮನುಷ್ಯ ಹೆಂಡತಿಯ ಮುಂದೆ ಹೀಗೆ ಹೆಡ್ಡನಾದದ್ದಕ್ಕೆ ಬೈಯಬೇಕೆಂದು ಬಾಯಿ ತೆರೆದೆ. ಬೈಗುಳ ಬರಲಿಲ್ಲ. ಒಳಗೆ ಬಂದುಬಿಟ್ಟೆ.

ಮಾರನೆಯ ದಿನ ಲ್ಯಾಬಿನಿಂದ ಬಂದಾಗ ಮಗಳ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ಮೂಗು ಸೀಟುವ ಸದ್ದು. ಗೆಳತಿಯ ಜೊತೆ ಜಗಳ, ಅವಳು ಎಲ್ಲರೆದುರು ಏನೋ ಅಂದಳಂತೆ, ಇನ್ನು ಜನ್ಮದಲ್ಲಿ ಮಾತಾಡುವುದಿಲ್ಲವಂತೆ. ಬಾಗಿಲಿನ ಈಚೆಯಿಂದ ಇಷ್ಟು ತಿಳಿದುಕೊಂಡು ನಾನು ಅಡುಗೆಮನೆಗೆ ಬಂದವಳೇ ಫೋನು ತೆಗೆದು ಆ ಗೆಳತಿಯ ಅಮ್ಮನ ನಂಬರು ಒತ್ತಿದೆ. ನಿಮ್ಮ ಮಗಳಿಗೆ ಒಂದು ಮಾತು ಹೇಳಿ, ನಾನು ಹೇಳಿದೆ ಅನ್ನಬೇಡಿ ಎನ್ನುವ ವಾಕ್ಯ ಕೂಡ ಸಿದ್ಧವಾಗಿತ್ತು. ಆ ಕಡೆ ರಿಂಗಾಯಿತು. ಆಗ ನನಗೆ ಕಾಲ ಕೆಳಗೆ ಮೇಷ್ಟ್ರ ಬ್ರೇಕೇ ಸಿಕ್ಕ ಹಾಗಾಯಿತು. ತಟಕ್ಕನೆ ಕತ್ತರಿಸಿದೆ.

ಅವರೇ ತಿರುಗಿ ಫೋನು ಮಾಡಿದರು. ತಪ್ಪಿ ಒತ್ತಿಬಿಟ್ಟೆ ಎಂದೆ. ಚೆನ್ನಾಗಿದ್ದೀರಾ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಪಾಪ, ಅವರು ಆಮೇಲೆ ಮಾಡ್ತೀನಿ ಎಂದು ಫೋನು ಇಟ್ಟರು.

ಆ ಸಂಜೆಯೆಲ್ಲ ಮಗಳು ಅತ್ತಳು. ನಾನು ಬಾಗಿಲು ತಟ್ಟಿ ಹೋಗಿ ಅವಳ ಹಾಸಿಗೆಯ ಅಂಚಿನಲ್ಲಿ ಕೂತೆ. ಏನು ಹೇಳಬೇಕೆಂದು ಗೊತ್ತಿಲ್ಲ, ಸುಮ್ಮನೆ ಕೂತಿರಲಾ ಎಂದು ಕೇಳಿದೆ. ಕೂತ್ಕೋ ಎಂದಳು. ಕೂತದ್ದು ಸರಿಯೋ, ಫೋನು ಕತ್ತರಿಸಿದ್ದು ಸರಿಯೋ, ಅವಳು ಅಳುವುದನ್ನು ನೋಡಿಯೂ ಕೈ ಕಟ್ಟಿ ಕೂರುವವಳು ಎಂಥ ತಾಯಿಯೋ ನನಗೆ ಬಗೆಹರಿಯಲಿಲ್ಲ. ಕೂರುವುದು ಎಷ್ಟು ಕಷ್ಟ ಎಂಬುದು ಮಾತ್ರ ಗೊತ್ತಾಯಿತು. ನನ್ನ ಕೈ ಎರಡು ಸಲ ತಾನಾಗಿ ಫೋನಿನ ಕಡೆ ಹೋಯಿತು. ಮೇಷ್ಟ್ರ ಕಾಲಿಗೂ ಹೀಗೇ ಆಗುತ್ತಿತ್ತೇನೋ ಎಂದುಕೊಂಡೆ. ಅವರ ಮೇಲೆ ಕನಿಕರ ಬಂತು, ಅದರ ಬೆನ್ನಿಗೇ ಮತ್ತೆ ಕೋಪವೂ ಬಂತು.

ಭಾನುವಾರ ಬೆಳಗ್ಗೆ ಕಾರಿನ ಕೀಲಿ ನಾನೇ ತೆಗೆದುಕೊಂಡೆ. ಮೇಷ್ಟ್ರು ಎಂದಿನಂತೆ ಮುಂದಿನ ಬಾಗಿಲು ತೆರೆದರು. ಹಿಂದೆ ಕೂರಬೇಕು ಎಂದೆ. ಹಾಗೆಲ್ಲ ಮಾಡುವುದಿಲ್ಲ, ಅದು ನಿಯಮವಲ್ಲ, ಯಾರಾದರೂ ನೋಡಿದರೆ ನನ್ನ ಅನ್ನಕ್ಕೆ ಕಲ್ಲು ಎಂದು ಗೊಣಗಿದರು. ನಾನು ಆ ಬಾಗಿಲು ಮುಚ್ಚಿದೆ. ಹಿಂದೆ ಹೋಗಿ ಕೂತರು.

ರಸ್ತೆ ಖಾಲಿಯಿತ್ತು. ಮುಚ್ಚಿದ ಅಂಗಡಿಗಳು, ಒಬ್ಬ ಪೇಪರಿನವನು, ಬೀದಿ ಗುಡಿಸುವ ಇಬ್ಬರು ಹೆಂಗಸರು. ಪಕ್ಕದ ಸೀಟು ಖಾಲಿಯಿರುವುದು ಹಲ್ಲು ಬಿದ್ದ ಜಾಗವನ್ನು ನಾಲಿಗೆ ಹುಡುಕುವ ಹಾಗೆ ಪದೇ ಪದೇ ಕಣ್ಣಿಗೆ ಬೀಳುತ್ತಿತ್ತು. ಟ್ಯಾಂಕಿನ ಇಳಿಜಾರು ಬಂತು. ಕೆಳಗೆ, ಅಡ್ಡರಸ್ತೆಯಲ್ಲಿ ಬಸ್ಸೊಂದು ಬರುತ್ತಿತ್ತು. ಬಿಳಿ ಗೆರೆ ಹತ್ತಿರವಾಯಿತು. ನಾನು ಬ್ರೇಕು ಮುಟ್ಟಿದೆ. ಏನೂ ಆಗಲಿಲ್ಲ. ಒಂದು ಕ್ಷಣ, ನಿಜವಾಗಿಯೂ, ನಾನು ಕಾದೆ. ಆಮೇಲೆ ಹಿಮ್ಮಡಿಯೂರಿ, ಸೀಟಿನಿಂದ ಅರ್ಧ ಎದ್ದು, ಇದ್ದ ಬಲವನ್ನೆಲ್ಲ ಹಾಕಿ ಒತ್ತಿದೆ. ಕಾರು ಮುಗ್ಗರಿಸಿ ನಿಂತಿತು. ಎಂಜಿನ್ ಆರಿಹೋಯಿತು. ಬಸ್ಸು ಮುಂದಿನಿಂದ ಹಾದುಹೋಯಿತು. ಅದರೊಳಗಿನ ಅಜ್ಜಿಯೊಬ್ಬಳು ನನ್ನ ಮುಖವನ್ನೇ ನೋಡಿದಳು, ನಾನೂ ಅವಳ ಮುಖ ನೋಡಿದೆ.

ಗೆರೆಗೆ ಸರಿಯಾಗಿ ನಿಂತಿದೆಯೋ ಇಲ್ಲವೋ ನನಗೆ ಕಾಣುತ್ತಿರಲಿಲ್ಲ. “ಸರಿಯಾಗಿ ನಿಂತಿತಾ?” ಎಂದು ಕೇಳಿದೆ. ಕನ್ನಡಿ ನೋಡಿದೆ. ಮೇಷ್ಟ್ರು ಎರಡೂ ಕೈಯಲ್ಲಿ ಮುಂದಿನ ಸೀಟನ್ನು ಹಿಡಿದುಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು.

“ನಾನು ನೋಡಲಿಲ್ಲ,” ಎಂದರು.

ಎಷ್ಟೋ ಜನಕ್ಕೆ ಕಲಿಸಿದ ಮನುಷ್ಯ. ನಗಬೇಕೋ ಅಳಬೇಕೋ ತಿಳಿಯದೆ ಸ್ಟೇರಿಂಗ್ ಹಿಡಿದು ಕೂತೆ. ಕಾಲನ್ನು ಮಾತ್ರ ಬ್ರೇಕಿನಿಂದ ತೆಗೆಯಲಿಲ್ಲ. ಅವರು, ಮುಂದೆ ಬರಲಾ ಎಂದು ಕೇಳಿದರು. ಹೀಗೆ ಕೇಳಿದ್ದು ಅದೇ ಮೊದಲು. ಬೇಡ ಎನ್ನುವುದು ನಾಲಿಗೆಯ ತುದಿಗೆ ಬಂತು, ಬನ್ನಿ ಎನ್ನುವುದೂ ಬಂತು.

“ಬನ್ನಿ. ಕಾಲು ಮಡಚಿಕೊಂಡು ಕೂತ್ಕೊಳ್ಳಿ,” ಎಂದೆ.

ಬಂದರು. ಚಪ್ಪಲಿ ಬಿಟ್ಟು, ಊಟಕ್ಕೆ ಕೂತವರ ಹಾಗೆ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಗೇರು ಹಾಕಲು ನಾನು ಅವರ ಮಂಡಿಯನ್ನು ಆಚೆ ತಳ್ಳಬೇಕಾಯಿತು. ಕೀಲಿ ತಿರುಗಿಸಿದೆ.

“ನಂಗೆ ಭಯ ಆಗ್ತಿದೆ,” ಎಂದರು ಮೇಷ್ಟ್ರು.

ನಂಗೂ ಎಂದು ಹೇಳಿ ಕಾರು ಬಿಟ್ಟೆ.